ಹೊರಬಾಗಿಲಲ್ಲಿ ಕಾದು ನಿಲ್ಲುವವರು ಯಾರು?

ಬಾಲಾಪರಾಧಿಗಳ ಸುಧಾರಣೆಯ ವಿಷಯವಾಗಿ ಕೆಲವು ವಿಚಾರಗಳು

ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಹಣವನ್ನೆತ್ತಿಕೊಂಡು ಓಡಿಹೋದ ಹುಡುಗನನ್ನು ಪೊಲೀಸರು ಹಿಡಿದರೆಂಬ ಸುದ್ದಿಯು ಆಗಾಗ ಪತ್ರಿಕೆಯ ಮೂಲೆಯೊಂದರಲ್ಲಿ ನಾಲ್ಕು ಸಾಲುಗಳಾಗಿ ಬರುವುದುಂಟು. ಬೆಳಗಿನ ಚಹದ ಹೊತ್ತಿಗೆ ಅದನ್ನೋದಿದವರು "ಇಂಥವರಿಗೆ ಬೆತ್ತದ ಏಟೇ ಮದ್ದು" ಎಂದು ಒಂದು ಮಾತು ಹೇಳಿ ಪುಟ ತಿರುವುತ್ತಾರೆ. ಹಾಗೆ ಹೇಳಿದವರಲ್ಲಿ ನಾವೂ ಒಬ್ಬರು. ಗಲ್ಲಾದ ಹಿಂದೆ ಕುಳಿತ ವರ್ಷಗಳಲ್ಲಿ ಆ ಮಾತನ್ನು ಎಷ್ಟೋ ಸಲ ಆಡಿದ್ದೇವೆ. ಇಂದು ಆ ನಾಲ್ಕು ಸಾಲುಗಳನ್ನು ತಿದ್ದಿ ಅಚ್ಚಿಗೆ ಕೊಡುವ ಕೆಲಸ ನಮ್ಮ ಪಾಲಿಗೆ ಬಂದಿರುವುದರಿಂದ, ಐದನೆಯ ಸಾಲು ಏನಾಗಿರಬಹುದೆಂಬ ವಿಚಾರ ನಮ್ಮನ್ನು ಬಿಡದೆ ಕಾಡತೊಡಗಿದೆ. ಹಿಡಿದ ಮೇಲೆ ಆ ಹುಡುಗನನ್ನು ಎಲ್ಲಿಗೆ ಒಯ್ಯುತ್ತಾರೆ? ಅಲ್ಲಿ ಅವನಿಗೆ ಏನು ಮಾಡುತ್ತಾರೆ? ಹೊರಗೆ ಬಂದ ಮೇಲೆ ಅವನು ಎಲ್ಲಿಗೆ ಹೋಗುತ್ತಾನೆ? ಈ ಮೂರು ಪ್ರಶ್ನೆಗಳಿಗೆ ನಾವು ತಿಳಿದುಕೊಂಡ ಉತ್ತರಗಳನ್ನು ವಾಚಕರ ಮುಂದಿಡುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಒಂದು ತಗಡಿನ ಪೆಟ್ಟಿಗೆ

2007ನೆಯ ಇಸವಿ. ನಾವು ಚಿಕ್ಕದೊಂದು ಹೋಟೆಲನ್ನು ಬಾಡಿಗೆಗೆ ಹಿಡಿದು ಎರಡು ವರ್ಷವಾಗಿತ್ತು. ಘಟ್ಟದ ಕೆಳಗಿನ ಒಂದು ಹಳ್ಳಿಯಿಂದ ಬಂದ ಹದಿನೇಳು ವರ್ಷದ ಹುಡುಗನೊಬ್ಬ ನಮ್ಮಲ್ಲಿ ಕೆಲಸಕ್ಕಿದ್ದನು. ಮೊದಲು ಮೇಜು ಒರೆಸಿದವನು, ಮುಂದೆ ಸಪ್ಲೈಯರ್ ಆದವನು. ರಾತ್ರಿಶಾಲೆಗೆ ಹೋಗುತ್ತಿದ್ದನು. ಮಾತು ಕಡಿಮೆ, ಕೈ ಚುರುಕು. ಒಂದು ದಿನ ಮಧ್ಯಾಹ್ನದ ಗಿರಾಕಿಗಳು ಕರಗಿದ ಹೊತ್ತಿನಲ್ಲಿ ಗಲ್ಲಾದ ಬಳಿ ಬಂದು, ತಾಯಿಗೆ ಸೌಖ್ಯವಿಲ್ಲವೆಂದು ಊರಿನಿಂದ ಫೋನು ಬಂದಿದೆ, ಮೂರು ಸಾವಿರ ರೂಪಾಯಿ ಮುಂಗಡ ಬೇಕೆಂದು ಕೇಳಿದನು. "ತಿಂಗಳು ತುಂಬಲಿ, ನೋಡುವ" ಎಂದೆವು. ಮುಂಗಡ ಕೇಳುವವರೆಲ್ಲರೂ ತಾಯಿಯ ಹೆಸರನ್ನೇ ಹೇಳುತ್ತಾರೆಂಬುದು ಹೋಟೆಲು ನಡೆಸುವವರ ಅನುಭವ. ಆ ಅನುಭವವೇ ಅಂದು ನಮ್ಮ ಬಾಯಿಂದ ಮಾತನಾಡಿತು.

ಮೂರನೆಯ ದಿನ ರಾತ್ರಿ ಲೆಕ್ಕ ಮಾಡುವಾಗ 4,200 ರೂಪಾಯಿ ಕಡಿಮೆ ಬಂತು; ಹುಡುಗನೂ ಕಾಣಲಿಲ್ಲ. ಸಿಟ್ಟಿನ ಭರದಲ್ಲಿ ಠಾಣೆಗೆ ಹೋಗಿ ದೂರು ಬರೆಸಿದೆವು. ರೈಲ್ವೆ ನಿಲ್ದಾಣದಲ್ಲಿ, ಮಂಗಳೂರು ಕಡೆಯ ಗಾಡಿಗಾಗಿ ಕಾದು ಕುಳಿತಿದ್ದಲ್ಲಿಯೇ, ಅವನು ಸಿಕ್ಕಿದನು. ಕಿಸೆಯಲ್ಲಿ ಟಿಕೇಟು ಮತ್ತು ಮಿಕ್ಕ ಹಣವಿತ್ತು. ಒಂದು ರೂಪಾಯಿಯನ್ನೂ ಬೇರೆ ಕಡೆ ಖರ್ಚು ಮಾಡಿರಲಿಲ್ಲ.

ಕೆಲವು ದಿನಗಳ ಅನಂತರ ಪರಿವೀಕ್ಷಣಾಧಿಕಾರಿ ಎಂದು ಹೇಳಿಕೊಂಡ ಮಹಿಳೆಯೊಬ್ಬರು ನಮಗೆ ಫೋನು ಮಾಡಿದರು. ಹುಡುಗನ ತಂದೆ ಊರಿನಿಂದ ಹೊರಟು ಬರುವ ಸ್ಥಿತಿಯಲ್ಲಿಲ್ಲ, ಮುಂಬಯಿಯಲ್ಲಿ ಅವನಿಗೆ ಬೇರೆ ಯಾರೂ ಇಲ್ಲ, ನೀವು ಬಂದು ಹೊಣೆ ನಿಲ್ಲುವಿರಾ ಎಂದು ಕೇಳಿದರು. ಹೋಟೆಲು ಬಿಟ್ಟು ಬರಲು ಪುರುಸೊತ್ತಿಲ್ಲವೆಂದು ಹೇಳಿ ಫೋನು ಇಟ್ಟೆವು. ಹೊಣೆ ನಿಲ್ಲುವವರು ಇಲ್ಲದ ಕಾರಣ ಹುಡುಗನು ಮೂರು ತಿಂಗಳು ಒಳಗೇ ಇದ್ದನು. ಬಿಡುಗಡೆಯಾದ ದಿನ ಅವನು ಬಂದದ್ದು ಎಲ್ಲಿಗೆ? ನಮ್ಮ ಹೋಟೆಲಿಗೇ. ಊಟದ ಹೊತ್ತು, ಒಳಗೆ ಜನ ತುಂಬಿದ್ದರು. ಬಾಗಿಲ ಪಕ್ಕದಲ್ಲಿ ನಿಂತು, "ಧಣಿ, ಕೆಲಸ ಉಂಟಾ?" ಎಂದನು. "ಇಲ್ಲ. ಇನ್ನು ಈ ಕಡೆ ಬರಬೇಡ" ಎಂದೆವು. ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ತನ್ನ ಪೆಟ್ಟಿಗೆಯನ್ನು ಸಹ ಕೇಳದೆ ಹೊರಟುಹೋದನು. ಅಡಿಗೆಯ ಭಟ್ಟರು ಒಳಗಿನಿಂದ ಇದನ್ನೆಲ್ಲ ನೋಡಿದ್ದರು. "ಒಂದು ಊಟವಾದರೂ ಹಾಕಿ ಕಳಿಸಬಹುದಿತ್ತು, ಮಾರಾಯ್ರೇ" ಎಂದರು. ಅದಕ್ಕೆ ನಾವು ಉತ್ತರ ಕೊಡಲಿಲ್ಲ.

ಎರಡು ವರ್ಷದ ಮೇಲೆ ಹೋಟೆಲಿಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲೆ ಅವನ ತಗಡಿನ ಪೆಟ್ಟಿಗೆ ಸಿಕ್ಕಿತು. ತೆರೆದು ನೋಡಿದರೆ ಎರಡು ಅಂಗಿ, ರಾತ್ರಿಶಾಲೆಯ ಪುಸ್ತಕಗಳು, ಮತ್ತು ದಾರದಲ್ಲಿ ಕಟ್ಟಿಟ್ಟ ಮನಿಯಾರ್ಡರ್ ರಸೀದಿಗಳು. ತಿಂಗಳಿಗೊಂದರಂತೆ 14 ರಸೀದಿಗಳು. ಎಲ್ಲವೂ ತಾಯಿಯ ಹೆಸರಿಗೆ.

ಸೆರೆಮನೆಯಿಂದ ಬಾಲಗೃಹದ ವರೆಗೆ

ಅವನು ಆ ಮೂರು ತಿಂಗಳು ಎಲ್ಲಿದ್ದನೆಂದು ಅಂದು ನಾವು ವಿಚಾರಿಸಿದವರಲ್ಲ. ಜನರ ಬಾಯಲ್ಲಿ ಇಂಥ ಸ್ಥಳಗಳಿಗೆಲ್ಲ 'ರಿಮಾಂಡ್ ಹೋಮ್' ಎಂಬ ಒಂದೇ ಹೆಸರು. ಮುಂಬಯಿಯಲ್ಲಿ 'ಡೋಂಗರಿ' ಎಂದರೆ ಸಾಕು, ತುಂಟ ಮಕ್ಕಳು ಸುಮ್ಮನಾಗುತ್ತಾರೆ. ಆದರೆ ಮಕ್ಕಳನ್ನು ಹೆದರಿಸಲು ಉಪಯೋಗಿಸುವ ಈ ಹೆಸರಿನ ಹಿಂದೆ, ಮಕ್ಕಳನ್ನು ಸೆರೆಮನೆಯಿಂದ ಬಿಡಿಸಿ ತರುವುದಕ್ಕಾಗಿ ನಡೆದ ನೂರೈವತ್ತು ವರ್ಷಗಳಿಗೂ ಮೀರಿದ ಪ್ರಯತ್ನವಿದೆ ಎಂಬುದನ್ನು ಬಹಳ ಜನ ಅರಿಯರು.

ಒಂದು ಕಾಲದಲ್ಲಿ ರೊಟ್ಟಿ ಕದ್ದ ಹತ್ತು ವರ್ಷದ ಬಾಲಕನೂ ದರೋಡೆ ಮಾಡಿದ ನಲವತ್ತು ವರ್ಷದ ಗಂಡಸೂ ಒಂದೇ ಕೋಣೆಯಲ್ಲಿ ಕೊಳೆಯುತ್ತಿದ್ದರು. ನಮ್ಮ ದೇಶದಲ್ಲಿ ಇದನ್ನು ಬದಲಿಸಲು ಹೊರಟ ಮೊದಲ ಕಾನೂನುಗಳಲ್ಲಿ 1850ರ ಅಪ್ರೆಂಟಿಸ್ ಕಾಯ್ದೆ ಒಂದು. ತಪ್ಪು ಮಾಡಿದ ಅಥವಾ ಅನಾಥರಾದ 10ರಿಂದ 18 ವರ್ಷದೊಳಗಿನ ಮಕ್ಕಳನ್ನು ಸೆರೆಮನೆಗೆ ತಳ್ಳುವ ಬದಲು ಯಾವುದಾದರೂ ಕಸುಬು ಕಲಿಯಲು ಒಪ್ಪಿಸಬಹುದೆಂದು ಅದು ಹೇಳಿತು. ಇದೇ ವಿಚಾರದಿಂದ ಹುಟ್ಟಿದ್ದು ಮಾಹೀಮಿನಲ್ಲಿರುವ ಡೇವಿಡ್ ಸಸೂನ್ ಕೈಗಾರಿಕಾ ಶಾಲೆ. ಬಗದಾದಿನಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಆ ಯಹೂದಿ ವರ್ತಕರ ದಾನದಿಂದ 1857ರ ಸುಮಾರಿಗೆ ಅದು ನೆಲೆಗೊಂಡಿತು. ಪರಸ್ಥಳದಿಂದ ಬಂದವರೊಬ್ಬರು ದಾರಿ ತಪ್ಪಿದ ಹುಡುಗರಿಗಾಗಿ ಹಣ ಕೊಟ್ಟರೆಂಬುದು ಪರಸ್ಥಳದಿಂದಲೇ ಬಂದ ನಾವು ನೆನಪಿಡತಕ್ಕ ಸಂಗತಿ.

ಮುಂದೆ 1876 ಮತ್ತು 1897ರಲ್ಲಿ ಸುಧಾರಣಾ ಶಾಲೆಗಳ ಕಾಯ್ದೆಗಳು ಬಂದವು. ಮಕ್ಕಳಿಗಾಗಿಯೇ ಪ್ರತ್ಯೇಕ ಕಾಯ್ದೆಯನ್ನು ಮದರಾಸು ಪ್ರಾಂತವು 1920ರಲ್ಲಿಯೂ ಬಂಗಾಳವು 1922ರಲ್ಲಿಯೂ ಮುಂಬಯಿ ಪ್ರಾಂತವು 1924ರಲ್ಲಿಯೂ ಮಾಡಿದವು. ಮುಂಬಯಿಯ ಕಾಯ್ದೆಯನ್ನು ಕಾರ್ಯರೂಪಕ್ಕೆ ತರಲು 1927ರಲ್ಲಿ 'ಚಿಲ್ಡ್ರನ್ಸ್ ಏಡ್ ಸೊಸೈಟಿ'ಯು ಸ್ಥಾಪಿತವಾಯಿತು. ಡೋಂಗರಿಯ ಬಾಲಗೃಹವನ್ನು ಇದೇ ಸಂಸ್ಥೆ ನಡೆಸಿಕೊಂಡು ಬಂದಿದೆ. ಅದಕ್ಕೆ ದೊರೆತ ಸ್ಥಳವಾವುದು? ಹಳೆಯ ಉಮರ್‌ಖಾಡಿ ಸೆರೆಮನೆಯ ಆವರಣ. 1882ರಲ್ಲಿ ಲೋಕಮಾನ್ಯ ತಿಲಕರೂ ಆಗರಕರರೂ 101 ದಿವಸ ಕಳೆದ ಡೋಂಗರಿಯ ಸೆರೆಮನೆ ಅದು. ಸೆರೆಮನೆಯನ್ನು ಮಕ್ಕಳ ಮನೆಯನ್ನಾಗಿ ಮಾಡಿದ್ದು ಉದಾತ್ತ ವಿಚಾರವೇ ಹೌದು. ಆದರೆ ಹೆಸರು ಬದಲಾದ ಮಾತ್ರಕ್ಕೆ ಗೋಡೆಯ ದಪ್ಪ ಕಡಿಮೆಯಾಗುವುದಿಲ್ಲ. ಇಂಥ ಗೃಹಗಳೆಲ್ಲವುಗಳ ಮೂಲ ಕಷ್ಟ ಇಲ್ಲಿಯೇ ಇದೆ.

ಕಾನೂನು ಇಂದು ಹೇಳುವುದೇನು?

ಇಂದು ದೇಶಕ್ಕೆಲ್ಲ ಅನ್ವಯಿಸುವುದು 2015ರ ಬಾಲ ನ್ಯಾಯ ಕಾಯ್ದೆ. ಇದು 2016ರ ಜನವರಿ 15ರಿಂದ ಜಾರಿಯಲ್ಲಿದೆ. ಇದರ ಮಾತಿನಲ್ಲಿ 18 ವರ್ಷ ತುಂಬದವನು 'ಅಪರಾಧಿ'ಯಲ್ಲ. 'ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು'. ಅವನನ್ನು ಲಾಕಪ್ಪಿನಲ್ಲಿ ಇಡಕೂಡದು, ಸೆರೆಮನೆಗೆ ಕಳುಹಿಸಕೂಡದು. ಹಿಡಿದ 24 ಗಂಟೆಗಳೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸತಕ್ಕದ್ದು. ಆ ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಇರುತ್ತಾರೆ; ಆ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರತಕ್ಕದ್ದು. ವಿಚಾರಣೆ ನಡೆಯುವ ವರೆಗೆ ಹುಡುಗನನ್ನು ಇಡುವ ಸ್ಥಳಕ್ಕೆ ವೀಕ್ಷಣಾಲಯವೆಂದೂ, ತಪ್ಪು ಸಿದ್ಧವಾದ ಮೇಲೆ ಕಳುಹಿಸುವ ಸ್ಥಳಕ್ಕೆ ವಿಶೇಷ ಗೃಹವೆಂದೂ ಹೆಸರು. ವಿಶೇಷ ಗೃಹದಲ್ಲಿ ಹೆಚ್ಚೆಂದರೆ 3 ವರ್ಷ ಇಡಬಹುದು.

ಆ ಅವಧಿಯಲ್ಲಿ ನಡೆಯಬೇಕಾದುದು ಶಿಕ್ಷೆಯಲ್ಲ, ಚಿಕಿತ್ಸೆ. ವಿದ್ಯಾಭ್ಯಾಸ, ಕಸುಬಿನ ತರಬೇತಿ, ಆಪ್ತಸಲಹೆ, ನಡತೆಯನ್ನು ತಿದ್ದುವ ಉಪಚಾರ, ಅವಶ್ಯವಿದ್ದಲ್ಲಿ ಮನೋವೈದ್ಯರ ಸಹಾಯ, ಇವಿಷ್ಟನ್ನೂ ಕಾಯ್ದೆಯೇ ಹೆಸರಿಸಿ ಹೇಳಿದೆ. ಅಮಲಿನ ಚಟಕ್ಕೆ ಬಿದ್ದವನಿಗೆ ಅದನ್ನು ಬಿಡಿಸುವ ಕೇಂದ್ರದ ವ್ಯವಸ್ಥೆ ಬೇರೆಯೇ ಇದೆ. ಪ್ರತಿಯೊಬ್ಬ ಹುಡುಗನಿಗೂ ಅವನ ಮನೆ, ಓದು, ಆರೋಗ್ಯ, ಸ್ವಭಾವಗಳನ್ನು ವಿಚಾರಿಸಿ ಪ್ರತ್ಯೇಕ ಪಾಲನಾ ಯೋಜನೆಯೊಂದನ್ನು ಬರೆದಿಡತಕ್ಕದ್ದು. 2016ರ ಮಾದರಿ ನಿಯಮಗಳಲ್ಲಿ 25 ಹುಡುಗರು ಮಲಗುವ ಕೋಣೆಯು 1,000 ಚದರ ಅಡಿ ಇರಬೇಕೆಂದಿದೆ. ಅಂದರೆ ತಲೆಗೆ 40 ಚದರ ಅಡಿ. ಹೋಟೆಲಿನ ಅಟ್ಟದಲ್ಲಿ, ಜೋಡಿಸಿದ ಮೇಜುಗಳ ಮೇಲೆ, ಒಬ್ಬರ ಕಾಲ ಬಳಿ ಇನ್ನೊಬ್ಬರು ತಲೆಯಿಟ್ಟು ಮಲಗಿದ ನಮ್ಮಂಥವರಿಗೆ ಇದು ಅರಮನೆಯೆಂದೇ ತೋರಬಹುದು. ಆದರೆ ಅಟ್ಟದಲ್ಲಿ ಮಲಗಿದ ನಾವು ಬೆಳಗಾದರೆ ಬೀದಿಗಿಳಿಯಬಹುದಾಗಿತ್ತು. ಅವನಿಗೆ ಆ ಸ್ವಾತಂತ್ರ್ಯವಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸದೆ ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. "ಕೊಲೆ, ಅತ್ಯಾಚಾರ ಮಾಡಿದವನಿಗೂ ಪಾಠ, ಆಟ, ಊಟವೇ?" ಎಂದು ಕೇಳುವವರಿದ್ದಾರೆ. 2012ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ನಡೆದ ಘೋರ ಕೃತ್ಯದ ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಿರಲಿಲ್ಲ. ಅವನು 3 ವರ್ಷಗಳ ಬಳಿಕ ಬಿಡುಗಡೆ ಹೊಂದಿದಾಗ ದೇಶವೇ ಕುದಿಯಿತು. ಆ ಸಿಟ್ಟು ಅಕಾರಣವಾದುದೆಂದು ನಾವು ಹೇಳೆವು. 2015ರ ಕಾಯ್ದೆಯು ಅದಕ್ಕೊಂದು ಉತ್ತರ ಕೊಟ್ಟಿದೆ. 7 ವರ್ಷ ಅಥವಾ ಅದಕ್ಕೂ ಹೆಚ್ಚಿನ ಕನಿಷ್ಠ ಶಿಕ್ಷೆಯುಳ್ಳ ಹೇಯ ಅಪರಾಧವನ್ನು 16 ವರ್ಷ ಮೀರಿದವನು ಮಾಡಿದರೆ, ಅವನ ಮನೋಬಲ ಮತ್ತು ತಿಳಿವಳಿಕೆಗಳನ್ನು ಪರೀಕ್ಷಿಸಿದ ಮೇಲೆ ವಯಸ್ಕನಂತೆ ವಿಚಾರಣೆಗೆ ಒಳಪಡಿಸಬಹುದು. ಆದರೂ 21 ತುಂಬುವ ವರೆಗೆ ಅವನನ್ನು ಸೆರೆಮನೆಗೆ ಹಾಕುವಂತಿಲ್ಲ. ಗಲ್ಲಿನ ಶಿಕ್ಷೆಯನ್ನಾಗಲಿ, ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿಯನ್ನಾಗಲಿ ವಿಧಿಸುವಂತಿಲ್ಲ. ಅತಿ ಘೋರ ಕೃತ್ಯಗಳ ಮಾತು ಹಾಗಿರಲಿ. ಗಲ್ಲಾಪೆಟ್ಟಿಗೆಗೆ ಕೈ ಹಾಕಿದವನನ್ನೂ ಆ ಸಾಲಿನಲ್ಲಿ ನಿಲ್ಲಿಸಿ ನೋಡುವ ದೃಷ್ಟಿದೋಷವನ್ನು ಮಾತ್ರ ನಾವು ಬಿಡಬೇಕಾಗಿದೆ.

ಪರದೇಶಗಳ ಪಾಠ

ಹುಡುಗರನ್ನು ಒಂದೆಡೆ ಇರಿಸಿ ತಿದ್ದುವ ಪ್ರಯೋಗಗಳನ್ನು ಪರದೇಶಗಳವರು ನಮಗಿಂತ ಮೊದಲೇ ಮಾಡಿ, ಗೆದ್ದಿದ್ದಾರೆ, ಸೋತೂ ಇದ್ದಾರೆ. ಫ್ರಾನ್ಸಿನ ತೂರ್ ಪಟ್ಟಣದ ಬಳಿ ಮೆತ್ರೇ ಎಂಬಲ್ಲಿ 1840ರಲ್ಲಿ ಆರಂಭವಾದ ಬೇಸಾಯದ ವಸಾಹತಿನಲ್ಲಿ ನಲವತ್ತು ನಲವತ್ತು ಹುಡುಗರನ್ನು ಒಂದೊಂದು 'ಕುಟುಂಬ'ವಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಬ್ಬ ಯಜಮಾನನನ್ನು ನೇಮಿಸಿದ್ದರು. ಯುರೋಪೆಲ್ಲ ಅದನ್ನು ನೋಡಲು ಬಂದಿತು. ಆದರೆ ಕಾಲಕ್ರಮದಲ್ಲಿ ಕುಟುಂಬದ ಹೆಸರು ಮಾತ್ರ ಉಳಿದು, ಒಳಗೆ ದಂಡನೆಯೇ ರಾಜ್ಯವಾಳಿತು. ಮುಂದೆ ಪ್ರಸಿದ್ಧ ಸಾಹಿತಿಯಾದ ಝಾನ್ ಜೆನೆ 1920ರ ದಶಕದಲ್ಲಿ ಹುಡುಗನಾಗಿದ್ದಾಗ ಅಲ್ಲಿದ್ದವನು. ಆ ಸ್ಥಳದ ಕ್ರೌರ್ಯವು ಅವನ ಬರವಣಿಗೆಯಿಂದ ಲೋಕಕ್ಕೆ ತಿಳಿಯಿತು.

ಇಂಗ್ಲೆಂಡಿನಲ್ಲಿ ಕೆಂಟ್ ಪ್ರಾಂತದ ಬೋರ್ಸ್ಟಲ್ ಎಂಬ ಹಳ್ಳಿಯಲ್ಲಿ 1902ರಲ್ಲಿ ತರುಣ ಕೈದಿಗಳಿಗಾಗಿ ಪ್ರತ್ಯೇಕ ಶಾಲೆ ಏರ್ಪಟ್ಟಿತು. ಆ ಹಳ್ಳಿಯ ಹೆಸರೇ ಅಂಥ ಶಾಲೆಗಳೆಲ್ಲಕ್ಕೂ ಹೆಸರಾಯಿತು. ಮುಂಬಯಿ ಪ್ರಾಂತವು 1929ರಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯ್ದೆಯನ್ನು ಮಾಡಿತು. ಪ್ರಾಂತದ ಬೋರ್ಸ್ಟಲ್ ಶಾಲೆ ನಡೆದದ್ದು ನಮ್ಮ ಧಾರವಾಡದಲ್ಲಿ. ಹೀಗೆ ಮುಂಬಯಿಯ ಬೀದಿಯಲ್ಲಿ ಸಿಕ್ಕಿಬಿದ್ದ ತರುಣನಿಗೆ ಕನ್ನಡ ನೆಲದ ಅನ್ನದ ಋಣವಿದ್ದ ಕಾಲವೂ ಒಂದಿತ್ತು. ಇಂಗ್ಲೆಂಡು 1982ರ ಕಾಯ್ದೆಯಿಂದ ಬೋರ್ಸ್ಟಲ್ ಪದ್ಧತಿಯನ್ನೇ ಕೈಬಿಟ್ಟಿತು.

ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಹಿಡಿದದ್ದು ಅಮೆರಿಕದ ಮಿಸೌರಿ ಸಂಸ್ಥಾನದ ಉದಾಹರಣೆ. ಅಲ್ಲಿ ಬೂನ್‌ವಿಲ್ ಎಂಬ ಊರಿನಲ್ಲಿ 1889ರಿಂದ ನಡೆಯುತ್ತಿದ್ದ ದೊಡ್ಡ ಸುಧಾರಣಾ ಶಾಲೆಯು ಹೊಡೆತ ಬಡಿತಗಳಿಗೆ ಕುಖ್ಯಾತವಾಗಿತ್ತು. 1983ರಲ್ಲಿ ಅದನ್ನು ಮುಚ್ಚಿ, ಸಂಸ್ಥಾನದ ಬೇರೆ ಬೇರೆ ಕಡೆ, ಹುಡುಗರ ಊರುಗಳಿಗೆ ಸಮೀಪವಾಗಿ, ಚಿಕ್ಕ ಚಿಕ್ಕ ಮನೆಗಳನ್ನು ಮಾಡಿದರು. ಹತ್ತು ಹನ್ನೆರಡು ಹುಡುಗರದೊಂದು ಗುಂಪು. ಅವರು ಒಟ್ಟಿಗೇ ಉಣ್ಣುತ್ತಾರೆ, ಓದುತ್ತಾರೆ, ಜಗಳವಾದರೆ ಸುತ್ತಲೂ ಕುಳಿತು ಅದನ್ನು ಮಾತಾಡಿ ಮುಗಿಸುತ್ತಾರೆ. ಕಾವಲುಗಾರನ ಸ್ಥಾನದಲ್ಲಿ ತರಬೇತು ಪಡೆದ ಹಿರಿಯರಿರುತ್ತಾರೆ. ತಂದೆ ತಾಯಂದಿರನ್ನು ಕರೆಸಿ ಅವರೊಡನೆಯೂ ಮಾತಾಡುತ್ತಾರೆ. ಹುಡುಗನು ಒಳಗೆ ಕಾಲಿಟ್ಟ ದಿನವೇ ಅವನು ಹೊರಗೆ ಹೋಗುವ ದಿನದ ಸಿದ್ಧತೆ ಆರಂಭವಾಗುತ್ತದೆ. ಅಮೆರಿಕದ ಇತರ ಅನೇಕ ಸಂಸ್ಥಾನಗಳು ಈ ಪದ್ಧತಿಯನ್ನು ಅಭ್ಯಸಿಸಲು ಅಲ್ಲಿಗೆ ಜನರನ್ನು ಕಳುಹಿಸಿವೆ.

ಇದರ ಮರ್ಮವನ್ನು ಮನಶ್ಶಾಸ್ತ್ರಜ್ಞರೂ ಹೇಳುತ್ತಾರೆ. ಥಾಮಸ್ ಡಿಶಿಯನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ದಾರಿ ತಪ್ಪಿದ ಹುಡುಗರನ್ನು ಒಟ್ಟುಗೂಡಿಸಿ ಉಪಚರಿಸಲು ಹೋದರೆ ಕೆಲವೊಮ್ಮೆ ಒಬ್ಬರಿಂದೊಬ್ಬರು ಕೆಟ್ಟದ್ದನ್ನೇ ಹೆಚ್ಚು ಕಲಿಯುತ್ತಾರೆಂದು ಎಚ್ಚರಿಸಿದರು. ಇದು ಹೋಟೆಲಿನವರಿಗೆ ತಿಳಿಯದ ಮಾತೇನೂ ಅಲ್ಲ. ಅಟ್ಟದಲ್ಲಿ ಒಬ್ಬ ಇಸ್ಪೀಟು ಆಡುವವನು ಬಂದರೆ ತಿಂಗಳೊಳಗೆ ನಾಲ್ವರಾಗುತ್ತಾರೆ. ಒಬ್ಬ ರಾತ್ರಿಶಾಲೆಗೆ ಹೋಗುವವನು ಬಂದರೂ ಹಾಗೆಯೇ. ಯಾವುದು ಹಬ್ಬುತ್ತದೆಂಬುದು ಅಲ್ಲಿರುವ ಹಿರಿಯನೊಬ್ಬನ ಮೇಲೆ ನಿಂತಿರುತ್ತದೆ. ನೂರಾರು ಹುಡುಗರಿಗೆ ನಾಲ್ಕೈದು ಮಂದಿ ಇರುವ ದೊಡ್ಡ ಗೃಹದಲ್ಲಿ ಅಂಥ ಹಿರಿಯನಿಗೆ ಹುಡುಗರ ಹೆಸರು ನೆನಪಿಡುವುದೂ ಕಷ್ಟ. ಆದಕಾರಣವೇ ನಮ್ಮ ಕಾಯ್ದೆಯೂ, ಹುಡುಗನನ್ನು ಸಂಸ್ಥೆಯಲ್ಲಿ ಇಡುವುದು ಬೇರೆ ಯಾವ ದಾರಿಯೂ ಇಲ್ಲದಾಗ ಮಾಡತಕ್ಕ ಕೊನೆಯ ಉಪಾಯವೆಂದು ಸ್ಪಷ್ಟವಾಗಿ ಹೇಳಿದೆ.

'ಯೋಗ್ಯ ವ್ಯಕ್ತಿ'

ಹಾಗಾದರೆ ಮೊದಲ ಉಪಾಯ ಯಾವುದು? ಕಾಯ್ದೆಯಲ್ಲಿ ಎರಡು ಪುಟ್ಟ ಪದಗಳಿವೆ: 'ಯೋಗ್ಯ ವ್ಯಕ್ತಿ'. ಮಂಡಳಿಯು ಹುಡುಗನನ್ನು ಜಾಮೀನಿನ ಮೇಲೆ ಬಿಡಬಹುದು. ಹೊಣೆಗಾರರು ಇದ್ದರೂ ಬಿಡಬಹುದು, ಇಲ್ಲದಿದ್ದರೂ ಬಿಡಬಹುದು. ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸಬಹುದು. ಅಥವಾ ಒಬ್ಬ ಯೋಗ್ಯ ವ್ಯಕ್ತಿಯ ಆರೈಕೆಗೆ ಕೊಡಬಹುದು. ತಪ್ಪು ಸಿದ್ಧವಾದ ಮೇಲೂ ವಿಶೇಷ ಗೃಹಕ್ಕೆ ಕಳುಹಿಸದೆ, ಒಳ್ಳೆಯ ನಡತೆಯ ಷರತ್ತಿನ ಮೇಲೆ ಅಂಥ ವ್ಯಕ್ತಿಯ ವಶಕ್ಕೆ 3 ವರ್ಷದ ವರೆಗೆ ಒಪ್ಪಿಸಬಹುದು. ಯೋಗ್ಯ ವ್ಯಕ್ತಿಯೆಂದರೆ ಯಾರು? ಮಗುವಿನ ಜವಾಬ್ದಾರಿಯನ್ನು ಹೊರಲು ಸಿದ್ಧನಿರುವ, ವಿಚಾರಣೆ ಮಾಡಿ ಮಂಡಳಿಯು ಒಪ್ಪಿಕೊಂಡ ಯಾವನೇ ಮನುಷ್ಯ. ಅವನು ಶ್ರೀಮಂತನಾಗಿರಬೇಕೆಂದಿಲ್ಲ, ಪದವೀಧರನಾಗಿರಬೇಕೆಂದೂ ಇಲ್ಲ. ಎಸ್.ಎಸ್.ಎಲ್.ಸಿ. ಓದಿ ಹೋಟೆಲು ನಡೆಸುವವನೂ ಆಗಬಹುದು. 2007ರಲ್ಲಿ ಆ ಮಹಿಳೆ ಫೋನಿನಲ್ಲಿ ನಮ್ಮನ್ನು ಕೇಳಿದ್ದು ಇದನ್ನೇ. ಹಳೆಯ ಕಾಯ್ದೆಯಲ್ಲಿಯೂ ಆ ಅವಕಾಶವಿತ್ತು. ಯೋಗ್ಯತೆ ಇರಲಿಲ್ಲವಾದುದು ನಮ್ಮಲ್ಲಿ.

ಸ್ವಲ್ಪ ಹಿಂದಿರುಗಿ ನೋಡೋಣ. ಹದಿಹರೆಯದಲ್ಲಿ ಊರು ಬಿಟ್ಟು ಈ ಮಹಾನಗರಕ್ಕೆ ಬಂದಿಳಿದ ನಮ್ಮವರೆಲ್ಲರೂ ಸಜ್ಜನರಾಗಿಯೇ ಹುಟ್ಟಿದವರೇನು? ಬಡತನ, ಹಸಿವು, ಆಸೆ, ಒಂಟಿತನ, ಕಣ್ಣೆದುರಿಗೇ ತೆರೆದಿರುವ ಗಲ್ಲಾಪೆಟ್ಟಿಗೆ ಇವೆಲ್ಲ ನಮಗೂ ಇದ್ದವು. ಆದರೆ ನಮಗೆ ಮೂರು ವಸ್ತುಗಳು ದೊರೆತಿದ್ದವು: ಮಲಗಲು ಒಂದು ಅಟ್ಟ, ಸಂಜೆಗೆ ಒಂದು ಕನ್ನಡ ರಾತ್ರಿಶಾಲೆ, ಮತ್ತು ತಪ್ಪಿದರೆ ಕಿವಿ ಹಿಂಡಿ ಮರುಗಳಿಗೆ ಊಟಕ್ಕೆ ಕರೆಯುವ ಊರಿನವರೊಬ್ಬರು. ಇಂದು ಗುಮಾಸ್ತರಾಗಿ, ಅಧಿಕಾರಿಗಳಾಗಿ, ಧಣಿಗಳಾಗಿರುವ ಎಷ್ಟೋ ಜನರ ಬಾಳು ಈ ಮೂರರ ಮೇಲೆಯೇ ನಿಂತಿದೆ. ಮಿಸೌರಿಯವರು ಬಹಳ ಹಣ ಸುರಿದು ಕಟ್ಟಿದ್ದು ಇದನ್ನೇ ಅಲ್ಲವೇ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವೆಲ್ಲ ಹೇಳುತ್ತೇವೆ. ಆದರೆ ಗಿಡವು ತಾನಾಗಿ ಬಗ್ಗದು. ಬಗ್ಗಿಸುವ ಕೈಯೊಂದು ಹತ್ತಿರವಿರಬೇಕು. ಆ ಕೈಗೆ ಗಿಡವನ್ನು ಮುರಿಯದಷ್ಟು ತಾಳ್ಮೆಯೂ ಇರಬೇಕು.

ಯಾವ ಗೃಹವಾದರೂ ಹುಡುಗನನ್ನು ಒಂದು ದಿನ ಹೊರಗೆ ಬಿಡಲೇಬೇಕು. ಒಳಗೆ ಎಷ್ಟೇ ಚೆನ್ನಾಗಿ ಓದಿಸಲಿ, ಹೊಲಿಗೆಯೋ ಮರಗೆಲಸವೋ ಕಲಿಸಲಿ, ಹೊರಬಾಗಿಲಲ್ಲಿ ಅವನಿಗಾಗಿ ಕಾದು ನಿಂತವರು ಯಾರೆಂಬುದರ ಮೇಲೆ ಅವನ ಮುಂದಿನ ದಾರಿ ನಿಶ್ಚಯವಾಗುತ್ತದೆ. ತನ್ನವರು ಯಾರೂ ಬರದಿದ್ದರೆ, ಒಳಗೆ ಪರಿಚಯವಾದ ಹಳೆಯ ಸಂಗಡಿಗ ಬಂದಿರುತ್ತಾನೆ. ಅವನಿಗೆ ಅಂದು ರಾತ್ರಿಯ ಊಟಕ್ಕೂ ಮರುದಿನದ 'ಕೆಲಸ'ಕ್ಕೂ ವ್ಯವಸ್ಥೆ ಮಾಡುವ ಶಕ್ತಿಯಿರುತ್ತದೆ. 18 ತುಂಬಿ ಗೃಹದಿಂದ ಹೊರಬೀಳುವವರಿಗೆ 21ರ ವರೆಗೆ ಸಹಾಯ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಸರಕಾರವು ಹಣ ಕೊಡಬಲ್ಲುದು, "ಬಾ, ಕೂತುಕೋ, ಊಟ ಮಾಡು" ಎಂದು ಹೇಳಲಾರದು. ಆ ಮಾತನ್ನು ಮನುಷ್ಯನೇ ಹೇಳಬೇಕು.

ನಾವು ಮಾಡತಕ್ಕದ್ದೇನು?

ಹೋಟೆಲಿನ ಧಣಿಗಳಿಗೂ ಕೆಲಸಗಾರರಿಗೂ ಗುಮಾಸ್ತ ಬಂಧುಗಳಿಗೂ ಕೆಲವು ಮಾತುಗಳನ್ನು ವಿನಯದಿಂದ ಸೂಚಿಸುತ್ತೇವೆ.

ಮೊದಲನೆಯದಾಗಿ, 14 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಲೇ ಬೇಡಿರಿ. 2006ರ ಅಕ್ಟೋಬರ್ 10ರಿಂದ ಹೋಟೆಲುಗಳಲ್ಲಿ ಅದು ನಿಷಿದ್ಧವಾಗಿತ್ತು. 2016ರ ತಿದ್ದುಪಡಿಯು ಎಲ್ಲ ಉದ್ಯೋಗಗಳಿಗೂ ಆ ನಿಷೇಧವನ್ನು ವಿಸ್ತರಿಸಿತು. ದೊಡ್ಡವರಾಗಲಿ ಹದಿಹರೆಯದವರಾಗಲಿ, ಕೆಲಸದವರ ಸಂಬಳವನ್ನು ತಡೆದಿಡಬೇಡಿರಿ. ಮುಂಗಡ ಕೇಳಿದವನು ಸುಳ್ಳು ಹೇಳುತ್ತಿದ್ದಾನೆಂದು ತೋರಿದರೆ ಅವನ ಊರಿಗೆ ಒಂದು ಫೋನು ಮಾಡಿರಿ. ಅಂದು ಆ ಒಂದು ಫೋನು ನಾವು ಮಾಡಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಎರಡನೆಯದಾಗಿ, ನಮ್ಮ ಹುಡುಗನೊಬ್ಬನನ್ನು ಪೊಲೀಸರು ಹಿಡಿದರೆ ಮೊದಲು ಅವನ ವಯಸ್ಸಿನ ಕಾಗದವನ್ನು ಊರಿನಿಂದ ತರಿಸಿರಿ. ಶಾಲೆಯ ಜನ್ಮದಿನಾಂಕದ ಸರ್ಟಿಫಿಕೇಟು ಅಥವಾ ಎಸ್.ಎಸ್.ಎಲ್.ಸಿ. ಪ್ರಮಾಣಪತ್ರಕ್ಕೆ ಕಾಯ್ದೆಯಲ್ಲಿ ಮೊದಲ ಮಾನ್ಯತೆ. ಅದಿಲ್ಲದಿದ್ದರೆ ಪಂಚಾಯತಿ ಅಥವಾ ನಗರಸಭೆಯ ಜನನಪತ್ರ. ಅದೂ ಇಲ್ಲದಿದ್ದಾಗ ಮಾತ್ರ ಎಲುಬಿನ ವೈದ್ಯಕೀಯ ಪರೀಕ್ಷೆ. ಊರಿನ ಶಾಲೆಯ ಕಪಾಟಿನಲ್ಲಿರುವ ಒಂದು ಹಾಳೆ ಕಾಗದವು ಹುಡುಗನನ್ನು ವಯಸ್ಕರ ಸೆರೆಮನೆಯಿಂದ ಉಳಿಸಬಲ್ಲುದು. ಹೇಯ ಅಪರಾಧವಲ್ಲದಿದ್ದರೆ, ವಯಸ್ಕರೊಡನೆ ಸೇರಿ ಮಾಡಿದ್ದಲ್ಲವಾದರೆ, ಮಾದರಿ ನಿಯಮಗಳ ಪ್ರಕಾರ ಎಫ್.ಐ.ಆರ್. ದಾಖಲಿಸುವಂತಿಲ್ಲ; ಯಾವ ಅಪರಾಧವಾದರೂ ಕೈಗೆ ಕೋಳವನ್ನು ತೊಡಿಸುವಂತಿಲ್ಲ. ವಕೀಲರ ಸಹಾಯ ಉಚಿತವಾಗಿ ದೊರೆಯುತ್ತದೆ. ಜಾಮೀನಿನ ಷರತ್ತನ್ನು 7 ದಿನಗಳೊಳಗೆ ಪೂರೈಸಲಾಗದಿದ್ದರೆ ಅದನ್ನು ಸಡಿಲಿಸಲು ಹುಡುಗನನ್ನು ಮತ್ತೆ ಮಂಡಳಿಯ ಮುಂದೆ ತರತಕ್ಕದ್ದು. ಇವೆಲ್ಲ ಹುಡುಗನ ಹಕ್ಕುಗಳು. ಆದರೆ ಇವನ್ನು ಕೇಳಲು ಅವನ ಪಕ್ಕದಲ್ಲಿ ದೊಡ್ಡವರೊಬ್ಬರು ನಿಂತಿರಬೇಕು.

ಮೂರನೆಯದಾಗಿ, ಬಿಡುಗಡೆಯಾಗಿ ಬಂದವನನ್ನು 'ಕಳ್ಳ' ಎಂದು ಕರೆಯಬೇಡಿರಿ. ಹಾಗೆ ಸಿದ್ಧವಾದ ತಪ್ಪಿನಿಂದ ಅವನಿಗೆ ಮುಂದೆ ಯಾವ ಅನರ್ಹತೆಯೂ ತಟ್ಟಬಾರದೆಂದೂ, ಅವಧಿ ಮುಗಿದ ಮೇಲೆ ಆ ದಾಖಲೆಯನ್ನೇ ನಾಶಪಡಿಸಬೇಕೆಂದೂ ಕಾಯ್ದೆ ಹೇಳುತ್ತದೆ. ವಯಸ್ಕನಂತೆ ವಿಚಾರಣೆಗೊಳಗಾದವನಿಗೆ ಮಾತ್ರ ಇದು ಅನ್ವಯಿಸದು. ಸರಕಾರವೇ ಮರೆಯಲು ಸಿದ್ಧವಿರುವುದನ್ನು ನಾವು ನೆನಪಿನಲ್ಲಿಟ್ಟುಕೊಂಡು ಸಾಧಿಸುವುದೇನು? ಅವನಿಗೆ ಒಂದು ಕೆಲಸ, ಒಂದು ಹಾಸಿಗೆ ಕೊಡಿರಿ. ಮೊದಲ ದಿನವೇ ಗಲ್ಲಾದ ಮೇಲೆ ಕೂರಿಸಿರೆಂದು ನಾವು ಹೇಳುವುದಿಲ್ಲ. ಉಗ್ರಾಣದಲ್ಲಿ, ಅಡಿಗೆಯ ಮನೆಯಲ್ಲಿ, ಭಟ್ಟರ ಕಣ್ಣಳತೆಯಲ್ಲಿ ಇರಲಿ. ಗುಮಾಸ್ತ ಬಂಧುಗಳು ವಾರಕ್ಕೊಂದು ಸಂಜೆ ಅವನಿಗೆ ಲೆಕ್ಕವನ್ನೋ ಇಂಗ್ಲಿಷನ್ನೋ ಹೇಳಿಕೊಟ್ಟರೆ ಅದು ದೇವಸ್ಥಾನಕ್ಕೆ ಕೊಟ್ಟ ದೀಪದೆಣ್ಣೆಗಿಂತ ಕಡಿಮೆಯಾಗದು. ಅವನು ಮತ್ತೊಮ್ಮೆ ತಪ್ಪಲಾರನೆಂದು ಯಾರೂ ಭರವಸೆ ಕೊಡಲಾರರು. ಕೆಲವರು ತಪ್ಪುತ್ತಾರೆ. ಹಾಗೆಂದು ಒಂದು ದಿನ ಹಿಟ್ಟು ಹುಳಿಯಾಯಿತೆಂದು ಮರುದಿನ ಅಕ್ಕಿ ನೆನೆಹಾಕದ ಹೋಟೆಲಿನವನನ್ನು ನಾವು ಕಂಡಿಲ್ಲ.

ನಾಲ್ಕನೆಯ ಮಾತು ನಮ್ಮ ಪತ್ರಿಕೆಗೆ ಸಂಬಂಧಿಸಿದ್ದು. 18 ತುಂಬದವನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪತ್ರಿಕೆಗಳು ಪ್ರಕಟಿಸಕೂಡದು. ಪ್ರಕಟಿಸಿದರೆ 6 ತಿಂಗಳ ವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ ವಿಧಿಸಬಹುದು. ದಂಡದ ಭಯಕ್ಕಲ್ಲ, ಊರಿನಲ್ಲಿ ಈ ಪತ್ರಿಕೆಯನ್ನು ಓದುವ ತಂದೆಯೊಬ್ಬನ ಮುಖವನ್ನು ನೆನೆದು, ಇನ್ನು ಮುಂದೆ ಆ ಹುಡುಗನ ಹೋಟೆಲಿನ ಹೆಸರನ್ನೂ ಊರಿನ ಹೆಸರನ್ನೂ ನಾವು ಅಚ್ಚು ಮಾಡುವುದಿಲ್ಲ. ಹೊಣೆ ನಿಲ್ಲಲು, ಕೆಲಸ ಕೊಡಲು, ಪಾಠ ಹೇಳಲು ಮನಸ್ಸುಳ್ಳ ಮಹನೀಯರು ನಮ್ಮ ಕಾರ್ಯಾಲಯಕ್ಕೆ ಬರೆದು ತಿಳಿಸಿದರೆ, ಅಂಥವರ ಹೆಸರುಗಳನ್ನು ಮಂಡಳಿಗೂ ಪರಿವೀಕ್ಷಣಾಧಿಕಾರಿಗಳಿಗೂ ತಲುಪಿಸುವ ಶ್ರಮವನ್ನು ಸಂತೋಷದಿಂದ ವಹಿಸುತ್ತೇವೆ. ಆ ಪಟ್ಟಿಯ ಮೊದಲ ಹೆಸರು ನಮ್ಮದೇ ಆಗಿರುತ್ತದೆ.

ಆ ತಗಡಿನ ಪೆಟ್ಟಿಗೆ ಇಂದಿಗೂ ನಮ್ಮ ಮನೆಯಲ್ಲಿದೆ. ಹುಡುಗನು ಈಗ ಮೂವತ್ತು ದಾಟಿದ ಗಂಡಸಾಗಿರಬೇಕು. ಎಲ್ಲಿದ್ದಾನೋ, ಹೇಗಿದ್ದಾನೋ, ತಾಯಿ ಬದುಕಿದಳೋ ಇಲ್ಲವೋ, ಒಂದೂ ನಮಗೆ ತಿಳಿಯದು. ಈ ಸಾಲುಗಳು ಎಲ್ಲಿಯಾದರೂ ಅವನ ಕಣ್ಣಿಗೆ ಬಿದ್ದರೆ, ಪೆಟ್ಟಿಗೆಯನ್ನು ಕೊಂಡೊಯ್ಯಲು ಬರಲಿ. ಒಂದು ಊಟ ಬಾಕಿಯಿದೆ.